ಎರಡು ಶಬ್ದದ ಶಾಸನ, ನಾಲ್ಕು ಸಾಲಿನ ಪೋಸ್ಟ್

ಒಂದು ಫೋಟೊ. ಕೆಳಗೆ ನಾಲ್ಕು ಸಾಲು: ನಮ್ಮೂರ ಹನುಮಪ್ಪನ ಗುಡಿ ಮುಂದೆ ಹಳಗನ್ನಡ ಶಾಸನ, ಬಹಳ ಅಪರೂಪದ್ದು, ಎಲ್ಲರಿಗೂ ಶೇರ್ ಮಾಡಿ. ಫೇಸ್‌ಬುಕ್ಕಿನಲ್ಲಿ, ವಾಟ್ಸಾಪ್ ಗುಂಪುಗಳಲ್ಲಿ ಇಂಥ ಪೋಸ್ಟುಗಳನ್ನು ನೋಡದ ಶಾಸನಾಸಕ್ತರು ಈಗ ಯಾರೂ ಇರಲಿಕ್ಕಿಲ್ಲ. ಇದು ಶಾಸನದ ಬಗ್ಗೆ ನಿಜವಾದ ಬರವಣಿಗೆಯೋ, ಬರೇ ಗದ್ದಲವೋ ಅನ್ನೋ ವಾದವೂ ಇದರ ಜೊತೆಗೇ ಬೆಳೆದಿದೆ. ಹಿರಿಯರಲ್ಲಿ ಕೆಲವರು, ಪೂರ್ತಿ ಪಾಠ, ಅರ್ಥ, ಚಾರಿತ್ರಿಕ ಟಿಪ್ಪಣಿ ಇಲ್ಲದ್ದು ಬರವಣಿಗೆಯೇ ಅಲ್ಲ ಅಂತಾರೆ. ಹುಡುಗರು, ಉದ್ದ ಬರೆದರೆ ಓದೋರು ಯಾರ್ರಿ, ಮೊದಲು ಕಲ್ಲು ಜನರ ಕಣ್ಣಿಗೆ ಬೀಳಲಿ ಅಂತಾರೆ.

ಇಬ್ಬರೂ ಅಳೆಯುತ್ತಿರೋದು ಉದ್ದವನ್ನೇ. ನನಗೆ ಅನಿಸೋದು, ಅಳತೆಗೋಲೇ ತಪ್ಪು ಅಂತ. ಶಾಸನಗಳನ್ನು ಓದುವ ನಾವು ಚಿಕ್ಕದನ್ನು ಕೀಳಾಗಿ ಕಾಣಲು ಸಾಧ್ಯವೇ ಇಲ್ಲ. ನಮ್ಮ ಶಾಸ್ತ್ರ ಹುಟ್ಟಿದ್ದೇ ಚಿಕ್ಕ ಬರಹಗಳಿಂದ. ಆದರೆ ಆ ಚಿಕ್ಕ ಬರಹಗಳಿಗೆ ಬೆಲೆ ಬಂದದ್ದು ಹೇಗೆ ಅಂತ ನೋಡಿದರೆ, ಇವತ್ತಿನ ಬಹುಪಾಲು ಪೋಸ್ಟುಗಳಲ್ಲಿ ಏನು ಇಲ್ಲ ಅನ್ನೋದು ತಾನಾಗಿಯೇ ಗೊತ್ತಾಗುತ್ತದೆ.

ಚಿಕ್ಕದು ಅಂದರೆ ಎಷ್ಟು ಚಿಕ್ಕದು

ಕಲಬುರಗಿ ಜಿಲ್ಲೆಯ ಸನ್ನತಿಯ ಹತ್ತಿರ, ಭೀಮಾ ನದಿ ದಂಡೆಯ ಕನಗನಹಳ್ಳಿಯಲ್ಲಿ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯವರು ಬೌದ್ಧ ಸ್ತೂಪವೊಂದನ್ನು ಉತ್ಖನನ ಮಾಡಿದರು. ಅಲ್ಲಿ ಸಿಕ್ಕ ಒಂದು ಶಿಲ್ಪಫಲಕದಲ್ಲಿ ರಾಜ, ರಾಣಿ, ಪರಿಚಾರಿಕೆಯರು ಇದ್ದಾರೆ. ಅದರ ಮೇಲಿನ ಬ್ರಾಹ್ಮಿ ಬರಹ ಎರಡೇ ಶಬ್ದ: ‘ರಾಯ ಅಸೋಕೋ’. ರಾಜ ಅಶೋಕ. ಅಶೋಕನ ಹೆಸರನ್ನೇ ಹೊತ್ತ ಚಿತ್ರ ಸಿಕ್ಕಿತು ಅಂತ ದೇಶವೆಲ್ಲ ಮಾತಾಡಿದ್ದು ಈ ಎರಡು ಶಬ್ದದ ಬಲದಿಂದ. ಈ ಬರಹ ಇಲ್ಲದಿದ್ದರೆ ಅದು ಯಾವುದೋ ಒಬ್ಬ ರಾಜನ ಶಿಲ್ಪ, ಅಷ್ಟೇ.

ಶ್ರವಣಬೆಳಗೊಳದ ಗೊಮ್ಮಟನ ಕಾಲ ಬಳಿ ಚಾವುಂಡರಾಯ ಇದನ್ನು ಮಾಡಿಸಿದ ಅನ್ನೋ ಬರಹ ಇದೆ. ಕನ್ನಡದಲ್ಲಿ ಎರಡು ಮೂರು ಶಬ್ದ; ಅದೇ ಮಾತು ತಮಿಳಿನಲ್ಲಿ, ಮರಾಠಿಯಲ್ಲಿ. ಅಷ್ಟು ದೊಡ್ಡ ಮೂರ್ತಿಗೆ ಅಷ್ಟು ಸಣ್ಣ ಸಹಿ. ಅದೇ ಊರಿನ ಶಾಸನಗಳನ್ನು ಬಿ.ಎಲ್. ರೈಸ್ 1889ರಲ್ಲಿ ಪ್ರಕಟಿಸಿದಾಗ ಸಂಖ್ಯೆ 144. ಆರ್. ನರಸಿಂಹಾಚಾರ್ಯರು ಮತ್ತೆ ಹುಡುಕಿ 1923ರಲ್ಲಿ ತಂದ ಪರಿಷ್ಕೃತ ಸಂಪುಟದಲ್ಲಿ 500. ಮೈಸೂರು ವಿಶ್ವವಿದ್ಯಾಲಯದ 1973ರ ಆವೃತ್ತಿಯಲ್ಲಿ 573. ಬೆಟ್ಟದ ಬಂಡೆ ಮೇಲೆ ಯಾತ್ರಿಕರು ಕೊರೆದು ಹೋದ ಒಂಟಿ ಹೆಸರುಗಳೂ ಇದರಲ್ಲಿ ಧಾರಾಳವಾಗಿವೆ. ಒಂದು ಹೆಸರಷ್ಟೇ ಇದೆ, ಇದೇನು ಶಾಸನ ಅಂತ ನರಸಿಂಹಾಚಾರ್ಯರು ಬಿಟ್ಟುಬಿಡಲಿಲ್ಲ. ಅದಕ್ಕೂ ಒಂದು ಸಂಖ್ಯೆ ಕೊಟ್ಟರು, ಯಾವ ಬಂಡೆಯ ಯಾವ ಭಾಗ ಅಂತ ಗುರುತಿಸಿದರು.

ಬೆಂಗಳೂರಿನ ಹೆಸರು ಮೊದಲು ಕಾಣಿಸೋದೂ ಇಂಥ ಒಂದು ಸಣ್ಣ ಬರಹದಲ್ಲೇ. ಬೇಗೂರಿನಲ್ಲಿರುವ, ಸುಮಾರು ಕ್ರಿ.ಶ. 900ರ ಕೆಲವೇ ಸಾಲಿನ ಕಲ್ಲು. ಅದರ ಮುಖ್ಯ ಸುದ್ದಿ ಬೆಂಗುಳೂರ ಕಾಳೆಗದಲ್ಲಿ ಒಬ್ಬ ಸತ್ತದ್ದು. ಒಂದು ಮಹಾನಗರದ ಹೆಸರಿನ ಚರಿತ್ರೆ ಆ ಒಂದು ಶಬ್ದಕ್ಕೆ ಜೋತುಬಿದ್ದಿದೆ.

ಹೀಗಾಗಿ ‘ನಾಲ್ಕೇ ಸಾಲು, ಅದಕ್ಕೇ ಇದು ಲೆಕ್ಕಕ್ಕಿಲ್ಲ’ ಅನ್ನೋ ವಾದವನ್ನು ಶಾಸನ ಓದುವವರ ಬಾಯಲ್ಲಿ ಕೇಳೋದು ವಿಚಿತ್ರ.

ಸಾಂಚಿಯ ‘ದಾನಂ’

ಬ್ರಾಹ್ಮಿ ಲಿಪಿ ಓದಲಿಕ್ಕೆ ಬಂದದ್ದು ಹೇಗೆ ಅನ್ನೋ ಕತೆ ಎಲ್ಲರಿಗೂ ಗೊತ್ತಿರುವುದೇ. ಆದರೆ ಈ ಚರ್ಚೆಗೆ ಬೇಕಾದ ಒಂದು ಅಂಶ ಅದರಲ್ಲಿದೆ. ಜೇಮ್ಸ್ ಪ್ರಿನ್ಸೆಪ್ ಮುಂದೆ ದೊಡ್ಡ ಬರಹಗಳೂ ಇದ್ದವು, ದಿಲ್ಲಿ ಮತ್ತು ಅಲಹಾಬಾದಿನ ಕಂಬಗಳ ಮೇಲಿನ ಉದ್ದುದ್ದ ಅಶೋಕನ ಶಾಸನಗಳು. ಬೀಗ ತೆಗೆದದ್ದು ಅವಲ್ಲ. 1837ರಲ್ಲಿ ಸಾಂಚಿ ಸ್ತೂಪದ ಕಟಕಟೆ ಕಲ್ಲುಗಳ ಮೇಲಿನ ಪುಟ್ಟ ಪುಟ್ಟ ಬರಹಗಳ ಪ್ರತಿಗಳು ಅವನ ಕೈಗೆ ಬಂದವು. ಒಂದೊಂದೂ ಒಂದೇ ಸಾಲು. ಅವನ್ನು ಒಂದರ ಕೆಳಗೆ ಒಂದು ಇಟ್ಟು ನೋಡಿದಾಗ ಬಹಳಷ್ಟು ಬರಹಗಳು ಅವೇ ಎರಡು ಅಕ್ಷರಗಳಿಂದ ಮುಗಿಯೋದು ಕಂಡಿತು. ಸ್ತೂಪದ ಕಟಕಟೆ ಮೇಲೆ ಬೇರೆ ಬೇರೆ ಜನ ಬರೆಸಿದ, ಒಂದೇ ತರ ಮುಗಿಯುವ ಬರಹ ಏನಿರಬಹುದು? ಕಾಣಿಕೆಯದೇ ಇರಬೇಕು ಅಂತ ಊಹಿಸಿದ. ಕೊನೆಯ ಶಬ್ದ ‘ದಾನಂ’. ಅದರ ಹಿಂದೆ ಬರುವ ಅಕ್ಷರ, ಇಂಥವರ ಅನ್ನುವ ಅರ್ಥ ಕೊಡುವ ‘ಸ’. ಅಲ್ಲಿಂದ ಮುಂದೆ ಉಳಿದ ಅಕ್ಷರಗಳು ಬಿಚ್ಚಿಕೊಂಡವು.

ಇದರಲ್ಲಿ ನಾವು ಗಮನಿಸಬೇಕಾದ್ದು ಎರಡು. ಒಂದು, ಕೆಲಸ ಮಾಡಿದ್ದು ಚಿಕ್ಕ ಬರಹಗಳು. ಎರಡು, ಒಂಟಿಯಾಗಿ ಅವುಗಳಲ್ಲಿ ಒಂದೂ ಕೆಲಸಕ್ಕೆ ಬರುತ್ತಿರಲಿಲ್ಲ. ಅವು ಎಲ್ಲಿಯವು ಅನ್ನೋದು ಗೊತ್ತಿತ್ತು, ಒಂದೇ ಕಡೆ ಕೂಡಿದ್ದವು, ಒಂದಕ್ಕೊಂದು ಹೋಲಿಸುವಂತೆ ಪ್ರತಿ ಮಾಡಲಾಗಿತ್ತು. ಚಿಕ್ಕ ಬರಹದ ಶಕ್ತಿ ಸಾಲಿನಲ್ಲಿ ನಿಂತಾಗ ಬರುತ್ತದೆ. ಅದು ಸಾಲಿನಲ್ಲಿ ನಿಲ್ಲಬೇಕಾದರೆ ಅದಕ್ಕೆ ಒಂದು ವಿಳಾಸ ಬೇಕು.

ಫೇಸ್‌ಬುಕ್ ಪೋಸ್ಟಿನ ತೊಂದರೆ ಇರೋದು ಇಲ್ಲಿ. ಇವತ್ತು ಮೇಲೆ ಇರುತ್ತದೆ, ನಾಳೆ ಕೆಳಗೆ ಹೋಗುತ್ತದೆ, ಮುಂದಿನ ವರ್ಷ ಹಾಕಿದವರಿಗೇ ಸಿಗೋದಿಲ್ಲ. ‘ನಮ್ಮೂರು’ ಅಂದರೆ ಯಾವ ಊರು ಅಂತ ಅದನ್ನು ಮೂರನೆಯವರಿಂದ ಪಡೆದವನಿಗೆ ಗೊತ್ತಾಗೋದೇ ಇಲ್ಲ.

ಚಿಕ್ಕದಾಗಿ ಬರೆಯೋದು ಹೊಸ ಪದ್ಧತಿ ಅಲ್ಲ

ನಾಲ್ಕು ಸಾಲಿನಲ್ಲಿ ಶಾಸನದ ವಿಷಯ ಮುಗಿಸೋದನ್ನು ಫೋನು ಬಂದ ಮೇಲೆ ಯಾರೋ ಕಂಡುಹಿಡಿದದ್ದಲ್ಲ. ನಮ್ಮ ಶಾಸನ ಪ್ರಕಟಣೆಯಲ್ಲಿ ಮೊದಲಿನಿಂದಲೂ ಮೂರು ಅಳತೆಗಳಿವೆ.

ಅತಿ ಚಿಕ್ಕದು ಶಾಸನ ಇಲಾಖೆಯ ವಾರ್ಷಿಕ ವರದಿ. 1887ರಲ್ಲಿ ಮದರಾಸಿನಲ್ಲಿ ಹುಲ್ಷ್ ಕಾಲಕ್ಕೆ ಶುರುವಾದ ಪರಂಪರೆ. ಈಗ ಇಲಾಖೆಯ ಕೇಂದ್ರ ಮೈಸೂರಿನಲ್ಲಿದೆ. ಇದರಲ್ಲಿ ಶಾಸನಗಳ ಪಾಠ ಇರೋದಿಲ್ಲ. ಪಟ್ಟಿ ಇರುತ್ತದೆ. ಸಂಖ್ಯೆ, ಊರು, ಕಲ್ಲು ಇರುವ ಜಾಗ, ರಾಜವಂಶ, ರಾಜ, ಕಾಲ, ಭಾಷೆ, ಲಿಪಿ, ಕೊನೆಗೆ ಸಾರಾಂಶ. ಬಹಳಷ್ಟು ಶಾಸನಗಳಿಗೆ ಆ ಸಾರಾಂಶ ಎರಡೋ ಮೂರೋ ವಾಕ್ಯ. ಅಳಿಸಿಹೋಗಿದ್ದರೆ ಅಳಿಸಿಹೋಗಿದೆ ಅಂತ ಒಂದೇ ಮಾತು. ಇದನ್ನು ಶೇರ್ ಬಟನ್ ಇಲ್ಲದ ಪೋಸ್ಟ್ ಅಂತ ಕರೆದರೂ ನಡೆದೀತು.

ನಡುವಿನದು ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್ ತರದ ಸಂಪುಟಗಳು. ನಮ್ಮ ಕಡೆಯವರಿಗೆ ಬಾಂಬೆ ಕರ್ನಾಟಕ ಶಾಸನಗಳ ಸಂಪುಟಗಳು ಪರಿಚಯ ಇದ್ದಾವು. ಶಾಸನದ ತಲೆಗೆ ಒಂದು ಪುಟ್ಟ ಟಿಪ್ಪಣಿ, ಕೆಳಗೆ ಸಾಲು ಸಾಲಾಗಿ ಪೂರ್ತಿ ಪಾಠ. ಅನುವಾದ ಇಲ್ಲ.

ದೊಡ್ಡದು ಎಪಿಗ್ರಾಫಿಯಾ ಇಂಡಿಕಾ ತರದ ಲೇಖನ. ಒಂದೇ ಶಾಸನದ ಮೇಲೆ ಪೀಠಿಕೆ, ಲಿಪಿ ವಿಚಾರ, ಕಾಲದ ಗಣನೆ, ಊರುಗಳ ಗುರುತು, ಪಾಠ, ಅನುವಾದ, ಅಚ್ಚಿನ ಚಿತ್ರ.

ಈ ಮೂರರಲ್ಲಿ ನಿಜವಾದದ್ದು ಯಾವುದು ಅಂತ ಯಾರೂ ಕೇಳೋದಿಲ್ಲ. ವಾರ್ಷಿಕ ವರದಿಯ ಎರಡು ವಾಕ್ಯವನ್ನು ದೊಡ್ಡ ದೊಡ್ಡ ವಿದ್ವಾಂಸರು ಇಷ್ಟನೇ ವರ್ಷ, ಇಷ್ಟನೇ ಸಂಖ್ಯೆ ಅಂತ ಉಲ್ಲೇಖಿಸುತ್ತಾರೆ. ಎಷ್ಟೋ ಶಾಸನಗಳ ಪೂರ್ತಿ ಪಾಠ ಬಹಳ ಕಾಲ ಅಚ್ಚಾಗಿಲ್ಲ. ಆ ಎರಡು ವಾಕ್ಯವೇ ಅವುಗಳ ಗುರುತಿನ ಚೀಟಿ. ಚಿಕ್ಕದಾದರೂ ಅದನ್ನು ನಂಬಬಹುದು, ಯಾಕಂದರೆ ಅದು ಎಲ್ಲಿ ನೋಡಬೇಕು ಅಂತ ಹೇಳುತ್ತದೆ. ಅನುಮಾನ ಬಂದರೆ ಆ ಊರಿಗೆ ಹೋಗಿ ಕಲ್ಲು ನೋಡಿ ಇದು ತಪ್ಪು ಅಂತ ಹೇಳೋಕೆ ಅವಕಾಶ ಕೊಡುತ್ತದೆ. ನನ್ನ ಪ್ರಕಾರ ಬರವಣಿಗೆ ನಿಜವೋ ಅಲ್ಲವೋ ಅನ್ನೋದಕ್ಕೆ ಇದೇ ಪರೀಕ್ಷೆ. ಓದಿದವನು ಕಲ್ಲಿನ ಹತ್ತಿರ ಹೋಗಿ ನಮ್ಮನ್ನು ತಿದ್ದುವಂತಿರಬೇಕು. ಹತ್ತು ವರ್ಷ ಬಿಟ್ಟು ನಮ್ಮ ಬರಹವನ್ನು ಮತ್ತೆ ಹುಡುಕಿ ತೆಗೆಯುವಂತಿರಬೇಕು. ಈ ಎರಡು ಇದ್ದರೆ ನಾಲ್ಕು ಸಾಲೂ ಬರವಣಿಗೆ. ಇಲ್ಲದಿದ್ದರೆ ನಲವತ್ತು ಪುಟವೂ ಅಲ್ಲ.

ಅಶೋಕನ ಫಾರ್ವರ್ಡ್

ನಮ್ಮ ಸೀಮೆಯ ಉದಾಹರಣೆ ನೋಡೋಣ. ತಾವರಗೇರಾದಿಂದ ಒಂದು ಕಡೆ ಹೋದರೆ ಮಸ್ಕಿ, ಇನ್ನೊಂದು ಕಡೆ ಕೊಪ್ಪಳ. ಎರಡೂ ಕಡೆ ಅಶೋಕನ ಶಾಸನ ಇದೆ. ಕೊಪ್ಪಳದಲ್ಲಿ ಗವಿಮಠದ ಬೆಟ್ಟ ಮತ್ತು ಪಾಲ್ಕಿಗುಂಡು ಸೇರಿ ಎರಡು. ಬಳ್ಳಾರಿ ಸೀಮೆಯ ನಿಟ್ಟೂರು, ಉಡೇಗೋಳ, ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಸೇರಿಸಿಕೊಂಡರೆ ಒಂದೇ ಸಂದೇಶ ನಮ್ಮ ನಾಡಿನಲ್ಲೇ ಎಂಟು ಬಂಡೆಗಳ ಮೇಲಿದೆ. ಮೊದಲನೆಯ ಕಿರು ಬಂಡೆ ಶಾಸನ ಅಂತ ನಾವು ಕರೆಯೋದು ಇದನ್ನೇ. ಇವತ್ತಿನ ಮಾತಲ್ಲಿ ಹೇಳಬೇಕಾದರೆ ಒಂದು ಮೆಸೇಜು ಊರೂರಿಗೆ ಫಾರ್ವರ್ಡ್ ಆಗಿದೆ.

ಆದರೆ ಇವು ಒಂದರ ಪಡಿಯಚ್ಚು ಇನ್ನೊಂದಲ್ಲ. ಮಸ್ಕಿಯ ಪ್ರತಿಯಲ್ಲಿ ಮಾತ್ರ ‘ದೇವಾನಂಪಿಯ’ ಅನ್ನೋ ಬಿರುದಿನ ಜೊತೆ ಅಶೋಕ ಅನ್ನೋ ಹೆಸರು ಬರುತ್ತದೆ ಅಂತ 1915ರಲ್ಲಿ ತಿಳಿದಾಗ ಅದು ದೊಡ್ಡ ಸುದ್ದಿ. ಅಲ್ಲಿಯವರೆಗೆ ದೇವಾನಂಪಿಯ ಅಂದರೆ ಅಶೋಕ ಅನ್ನೋದು ಸಿಂಹಳದ ಗ್ರಂಥಗಳ ಆಧಾರದ ಮೇಲೆ ನಿಂತಿತ್ತು. ಈಗ ಕಲ್ಲೇ ಹೇಳಿತು. ಆಮೇಲೆ ಮಧ್ಯಪ್ರದೇಶದ ಗುಜರ್ರಾ, ನಮ್ಮ ನಿಟ್ಟೂರು, ಉಡೇಗೋಳಗಳಲ್ಲೂ ಹೆಸರು ಸಿಕ್ಕಿತು. ಕೊಪ್ಪಳದ ಪ್ರತಿಗಳಲ್ಲಿ ಹೆಸರಿಲ್ಲ. ಒಂದು ಪ್ರತಿಯಲ್ಲಿ ಇರೋದು ಇನ್ನೊಂದರಲ್ಲಿ ಇಲ್ಲ ಅನ್ನೋದೇ ಇಲ್ಲಿ ಅರ್ಧ ಚರಿತ್ರೆ. ಯಾವ ಪ್ರತಿ ಯಾವ ಊರಿನದು ಅನ್ನೋದು ಕಳೆದುಹೋಗಿದ್ದರೆ ಈ ವಿಚಾರವೇ ಸಾಧ್ಯ ಇರಲಿಲ್ಲ.

ಬಂಡೆಯ ಮೇಲಿನ ಫಾರ್ವರ್ಡಿಗೂ ವಾಟ್ಸಾಪ್ ಫಾರ್ವರ್ಡಿಗೂ ಇರುವ ವ್ಯತ್ಯಾಸ ಇಷ್ಟೇ. ಬಂಡೆ ತನ್ನ ಜಾಗ ಬಿಟ್ಟು ಕದಲೋದಿಲ್ಲ. ವಾಟ್ಸಾಪ್ ಸಂದೇಶ ಮೊದಲು ಕಳೆದುಕೊಳ್ಳೋದೇ ಜಾಗವನ್ನು.

ಮಸ್ಕಿ ಶಾಸನವನ್ನು ಕಂಡವನು ಪಂಡಿತನಲ್ಲ. ಚಿನ್ನದ ಗಣಿ ಕೆಲಸದ ಎಂಜಿನಿಯರ್ ಸಿ. ಬೀಡನ್. ಪಾಠ ಓದಿ ಪ್ರಕಟಿಸಿದವರು ಎಚ್. ಕೃಷ್ಣಶಾಸ್ತ್ರಿ, ಅದೇ ವರ್ಷ, ಹೈದರಾಬಾದ್ ಆರ್ಕಿಯಲಾಜಿಕಲ್ ಸೀರೀಸಿನ ಮೊದಲ ಪುಸ್ತಕವಾಗಿ. ಕೊಪ್ಪಳದ ಎರಡನ್ನೂ 1931ರಲ್ಲಿ ಬೆಳಕಿಗೆ ತಂದವರು ಕೊಪ್ಪಳದವರೇ ಆದ ಎನ್.ಬಿ. ಶಾಸ್ತ್ರಿ, ಪ್ರಕಟಿಸಿದವನು ಆರ್.ಎಲ್. ಟರ್ನರ್, 1932ರಲ್ಲಿ. ಕಂಡವರು ಒಬ್ಬರು, ಓದಿದವರು ಇನ್ನೊಬ್ಬರು. ಕಂಡವರು ದೊಡ್ಡ ಲೇಖನ ಬರೆಯಬೇಕಾಗಿರಲಿಲ್ಲ. ಇಂಥಲ್ಲಿ ಬರಹದ ಬಂಡೆ ಇದೆ ಅನ್ನೋ ಸುದ್ದಿ, ಮತ್ತೆ ಹೋಗಿ ನೋಡಬಹುದಾದ ರೀತಿಯಲ್ಲಿ, ಓದಬಲ್ಲವರಿಗೆ ತಲುಪಿದರೆ ಸಾಕಾಗಿತ್ತು. ಇವತ್ತು ಊರ ಹುಡುಗ ಹಾಕುವ ಪೋಸ್ಟು ಈ ಕೆಲಸ ಮಾಡಬಲ್ಲದು. ಮಾಡುತ್ತಿದೆಯಾ ಅನ್ನೋದಷ್ಟೇ ಪ್ರಶ್ನೆ.

ನಾಲ್ಕು ಸಾಲಿನಲ್ಲಿ ಏನೆಲ್ಲ ಹಿಡಿಸಬಹುದು

ಚಿಕ್ಕದಾಗಿ ಬರೆದರೆ ಇಷ್ಟೆಲ್ಲ ವಿವರ ಹಿಡಿಸೋದಿಲ್ಲ ಅನ್ನಬಹುದು. ಲೆಕ್ಕ ಹಾಕಿ ನೋಡೋಣ. ಟ್ವಿಟರಿನ ಮಿತಿ ಮೊದಲು 140 ಇತ್ತು, 2017ರಲ್ಲಿ 280 ಆಯಿತು. ಕನ್ನಡಕ್ಕೆ ಇದರಲ್ಲಿ ಸ್ವಲ್ಪ ನಷ್ಟ ಇದೆ. ಒತ್ತು, ಗುಣಿತ ಎಲ್ಲ ಬೇರೆ ಬೇರೆ ಎಣಿಕೆ ಆಗುತ್ತವೆ; ‘ಸ್ತ್ರೀ’ ನಮ್ಮ ಕಣ್ಣಿಗೆ ಒಂದಕ್ಷರ, ಕಂಪ್ಯೂಟರಿಗೆ ಆರು. ಆದರೂ ಕೆಳಗಿನ ಪೋಸ್ಟು 280ರೊಳಗೆ ಆರಾಮಾಗಿ ಕೂರುತ್ತದೆ:

ಕೊಪ್ಪಳ, ಗವಿಮಠದ ಬೆಟ್ಟ. ಬಂಡೆ ಮೇಲೆ. ಬ್ರಾಹ್ಮಿ ಲಿಪಿ, ಪ್ರಾಕೃತ. ಅಶೋಕನ 1ನೇ ಕಿರು ಬಂಡೆ ಶಾಸನ. ಅಶೋಕ ಎಂಬ ಹೆಸರಿಲ್ಲ, ‘ದೇವಾನಂಪಿಯೆ’ ಇದೆ. ಶೋಧ 1931, ಎನ್.ಬಿ. ಶಾಸ್ತ್ರಿ. ಪ್ರಕಟ: ಟರ್ನರ್, ಹೈದರಾಬಾದ್ ಆರ್ಕಿಯಲಾಜಿಕಲ್ ಸೀರೀಸ್ 10, 1932. ಓದು ಪುಸ್ತಕದ್ದು, ನನ್ನದಲ್ಲ.

ಊರು ಇದೆ, ಜಾಗ ಇದೆ, ಲಿಪಿ, ಭಾಷೆ ಇದೆ. ಪ್ರಕಟ ಆಗಿದೆಯೋ ಇಲ್ಲವೋ ಇದೆ. ಓದಿದವರು ಯಾರು ಅನ್ನೋದೂ ಇದೆ. ಕೊನೆಯ ವಾಕ್ಯ ಬಹಳ ಮುಖ್ಯ. ಪುಸ್ತಕದ ಓದನ್ನು ತನ್ನ ಓದಿನಂತೆ ತೋರಿಸಿದರೆ, ಇಬ್ಬರು ಬೇರೆ ಬೇರೆಯಾಗಿ ಓದಿ ಒಂದೇ ತೀರ್ಮಾನಕ್ಕೆ ಬಂದಿದ್ದಾರೆ ಅಂತ ಮುಂದಿನವನು ತಿಳಿಯುತ್ತಾನೆ. ಹಾಗೆಯೇ ‘ಹೊಸ ಶೋಧ’ ಅಂತ ಬರೆಯೋ ಮುಂಚೆ ಪ್ರಕಟವಾದ ಸಂಪುಟ ನೋಡಲೇಬೇಕು. ನಮ್ಮ ಭಾಗ ನಿಜಾಮರ ಹೈದರಾಬಾದಿನಲ್ಲಿತ್ತು, ಆಮೇಲೆ ರಾಯಚೂರು ಜಿಲ್ಲೆ, 1997ರಿಂದ ಕೊಪ್ಪಳ ಜಿಲ್ಲೆ. ರೈಸ್‌ನ ಎಪಿಗ್ರಾಫಿಯಾ ಕರ್ನಾಟಿಕಾ ಮೈಸೂರು ಸಂಸ್ಥಾನ ಮತ್ತು ಕೊಡಗಿನದ್ದು, ನಮ್ಮದು ಅದರಲ್ಲಿಲ್ಲ. ನಮ್ಮ ಕಲ್ಲುಗಳು ಚದುರಿಕೊಂಡಿವೆ. ಕೆಲವು ಹೈದರಾಬಾದ್ ಸೀರೀಸಿನಲ್ಲಿ (1935ರಲ್ಲಿ ಸಿ.ಆರ್. ಕೃಷ್ಣಮಾಚಾರ್ಲು ಪ್ರಕಟಿಸಿದ ಕೊಪ್ಪಳದ ಕನ್ನಡ ಶಾಸನಗಳು ಅದರದೇ 12ನೆಯ ಪುಸ್ತಕ), ಕೆಲವು ವಾರ್ಷಿಕ ವರದಿಗಳಲ್ಲಿ, ಇನ್ನು ಕೆಲವು ಹಂಪಿ ಕನ್ನಡ ವಿಶ್ವವಿದ್ಯಾಲಯದ ಜಿಲ್ಲಾವಾರು ಸಂಪುಟಗಳಲ್ಲಿ. ಜಿಲ್ಲೆ ತಾಲೂಕು ಬದಲಾಗಿರುವುದರಿಂದ ಹಳೆಯ ಪುಸ್ತಕದಲ್ಲಿ ಯಾವ ಜಿಲ್ಲೆಯ ಕೆಳಗೆ ಹುಡುಕಬೇಕು ಅನ್ನೋದನ್ನೂ ನೆನಪಿಟ್ಟುಕೊಳ್ಳಬೇಕು.

ಕನ್ನಡ ಶಾಸನವಾದರೆ ಕಾಲದ ಭಾಗವನ್ನು ಸಂಕ್ಷೇಪ ಮಾಡಬೇಡಿ. ‘12ನೇ ಶತಮಾನದ ಶಾಸನ’ ಅಂತ ಬರೆದರೆ ಅದು ತೀರ್ಮಾನ, ಆಧಾರ ಅಲ್ಲ. ಕಲ್ಲಿನ ಮೇಲಿರುವಷ್ಟನ್ನೇ ಬರೆಯಿರಿ. ಯಾಕೆ ಅಂದರೆ ಶಾಸನದ ಕಾಲದ ಉಲ್ಲೇಖದೊಳಗೇ ಒಂದು ತಾಳೆ ಪರೀಕ್ಷೆ ಅಡಗಿದೆ. ನಮ್ಮ ಎಂಜಿನಿಯರಿಂಗಿನಲ್ಲಿ ಚೆಕ್‌ಸಮ್ ಅಂತೀವಲ್ಲ, ಹಾಗೆ. ಚಾಲುಕ್ಯ ವಿಕ್ರಮ ವರ್ಷದ ಮೊದಲ ವರ್ಷ ಕ್ರಿ.ಶ. 1076, ನಳ ಸಂವತ್ಸರ. ಒಂದು ಕಲ್ಲಿನಲ್ಲಿ ವಿಕ್ರಮ ವರ್ಷ 37, ನಂದನ ಸಂವತ್ಸರ ಅಂತ ಓದಿದಿರಿ ಅಂದುಕೊಳ್ಳಿ. 37ನೆಯ ವರ್ಷ ಅಂದರೆ 1112. ನಳ ಅರವತ್ತರ ಚಕ್ರದಲ್ಲಿ 50ನೆಯದು. ಅಲ್ಲಿಂದ 36 ಮುಂದೆ ಹೋದರೆ 26ನೆಯದು, ನಂದನ. ತಾಳೆ ಆಯಿತು. ಸವೆದ ಅಂಕಿಯನ್ನು 27 ಅಂತ ಓದಿದ್ದರೆ 1102, ಚಿತ್ರಭಾನು ಆಗಬೇಕಿತ್ತು. ನಂದನಕ್ಕೆ ಹೊಂದೋದಿಲ್ಲ, ಅಂದರೆ ಓದಿನಲ್ಲಿ ಎಲ್ಲೋ ತೊಡಕಿದೆ. ಇದರ ಮೇಲೆ ಮಾಸ, ಪಕ್ಷ, ತಿಥಿ, ವಾರ ಇದ್ದರೆ ಇನ್ನೂ ಗಟ್ಟಿ. ‘12ನೇ ಶತಮಾನ’ ಅಂದ ಪೋಸ್ಟಿನಿಂದ ಈ ಪರೀಕ್ಷೆ ಯಾರೂ ಮಾಡಲಾರರು. ‘ವಿಕ್ರಮ ವರ್ಷ 37, ನಂದನ’ ಅಂದ ಪೋಸ್ಟಿನಿಂದ ಮನೆಯಲ್ಲೇ ಕೂತು ಮಾಡಬಹುದು. ಎರಡೂ ಉದ್ದದಲ್ಲಿ ಹೆಚ್ಚೂಕಡಿಮೆ ಒಂದೇ.

ಅಕ್ಷರದ ವಿಷಯವೂ ಹಾಗೆಯೇ. ಹಳಗನ್ನಡದ ಱ ಮತ್ತು ೞ ಎರಡೂ ಯೂನಿಕೋಡಿನಲ್ಲಿವೆ. ಫೋನಿನ ಕೀಬೋರ್ಡಿನಲ್ಲಿ ಸಿಗಲಿಲ್ಲ ಅಂತ ರ, ಳ ಹಾಕಿಬಿಟ್ಟರೆ ಕಾಲ ನಿರ್ಣಯಕ್ಕೆ ಸಹಾಯ ಮಾಡುವ ಒಂದು ಗುರುತು ಅಳಿಸಿದಂತೆ, ಯಾಕಂದರೆ ೞ ಕಾಲ ಕಳೆದಂತೆ ಳ, ರ ಗಳಲ್ಲಿ ಕರಗಿಹೋದ ಅಕ್ಷರ. ಬೇರೆ ಕಡೆಯಿಂದ ನಕಲು ಮಾಡಿ ಅಂಟಿಸಿ, ತೊಂದರೆ ಇಲ್ಲ. ಅನುಮಾನದ ಅಕ್ಷರವನ್ನು ಚೌಕ ಕಂಸದಲ್ಲಿಡಿ, ಹೋದ ಅಕ್ಷರಕ್ಕೆ ಚುಕ್ಕಿ ಇಡಿ. ಪೂರ್ತಿ ಓದಲಿಕ್ಕೆ ಬರದಿದ್ದರೆ ಓದಬೇಡಿ. ‘11 ಸಾಲು, ಮೊದಲ 4 ಸ್ಪಷ್ಟ, ಉಳಿದದ್ದು ಸವೆದಿದೆ’ ಅಂತ ಬರೆದರೆ ಅದೂ ಪೂರ್ಣ ಮಾಹಿತಿಯೇ.

ಫೋಟೊ ಬಗ್ಗೆ ಒಂದು ಮಾತು. ಫೋನಿನ ಕ್ಯಾಮೆರಾ ಫೋಟೊ ಫೈಲಿನೊಳಗೆ ತೆಗೆದ ದಿನ, ಹೊತ್ತು, ಲೊಕೇಶನ್ ಆನ್ ಇದ್ದರೆ ಜಾಗವನ್ನೂ ಬರೆದಿಡುತ್ತದೆ. ವಾಟ್ಸಾಪಿನಲ್ಲಿ ಸಾಮಾನ್ಯ ಫೋಟೊ ಆಗಿ ಕಳಿಸಿದರೆ ಆ ಮಾಹಿತಿ ಉದುರಿಹೋಗುತ್ತದೆ, ಚಿತ್ರವೂ ಕುಗ್ಗಿ ಅಕ್ಷರದ ಅಂಚು ಮಸುಕಾಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಮೂಲ ಫೈಲೇ ಹೋಗುತ್ತದೆ. ಬೆಳಿಗ್ಗೆ ಅಥವಾ ಸಂಜೆ ಓರೆ ಬಿಸಿಲಿನಲ್ಲಿ ತೆಗೆಯಿರಿ. ಇಲ್ಲವೆ ಕತ್ತಲಲ್ಲಿ ಪಕ್ಕದಿಂದ ಟಾರ್ಚು ಹಿಡಿದು ತೆಗೆಯಿರಿ, ಅಕ್ಷರದ ಗುಳಿಗಳಲ್ಲಿ ನೆರಳು ಬೀಳುತ್ತದೆ. ಸುಣ್ಣ, ಪೇಂಟು, ಉಜ್ಜುವ ಬ್ರಶ್ಶು ಯಾವುದೂ ಬೇಡ. ಅಳತೆಗೆ ಪಕ್ಕದಲ್ಲಿ ಒಂದು ಸ್ಕೇಲು. ಕಲ್ಲಿನ ಸುತ್ತಮುತ್ತ ಕಾಣುವ ಇನ್ನೊಂದು ಫೋಟೊ ಇದ್ದರೆ ಮುಂದೆ ಹುಡುಕುವವನು ನಿಮ್ಮನ್ನು ನೆನೆಯುತ್ತಾನೆ.

ಪೋಸ್ಟಿಗೆ ಆಗದ ಕೆಲಸ

ಇಷ್ಟೆಲ್ಲ ಹೇಳಿದ ಮೇಲೆ, ಪೋಸ್ಟು ಇದ್ದರೆ ಲೇಖನ ಯಾಕೆ ಬೇಕು ಅನ್ನೋದು ಸರಿಯಲ್ಲ. ಕುಕನೂರು ಹತ್ತಿರದ ಇಟಗಿಯ ಮಹಾದೇವ ದೇವಾಲಯ ನೋಡಿ. ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ್ದು, ಕ್ರಿ.ಶ. 1112ರ ಶಾಸನ ಅದನ್ನು ದೇವಾಲಯ ಚಕ್ರವರ್ತಿ ಅಂತ ಕರೆಯುತ್ತದೆ. ಈ ಒಂದು ಬಿರುದು ಎಷ್ಟು ಪೋಸ್ಟುಗಳಲ್ಲಿ ಬಂದಿದೆಯೋ ಲೆಕ್ಕವಿಲ್ಲ. ತಪ್ಪೇನಿಲ್ಲ, ಬಿರುದು ಚಂದ ಇದೆ. ಆದರೆ ಕಲ್ಯಾಣ ಚಾಲುಕ್ಯರ ಕಾಲದ ದಾನಶಾಸನ ಅಂದರೆ ಬಿರುದಷ್ಟೇ ಅಲ್ಲ. ದತ್ತಿ ಯಾರು ಕೊಟ್ಟರು, ಯಾರು ಪಡೆದರು, ಎಷ್ಟು ಮತ್ತರು ಭೂಮಿ, ಯಾವ ಕೋಲಿನಿಂದ ಅಳೆದದ್ದು, ಎಲ್ಲೆಗೆ ಯಾವ ಹಳ್ಳ ಯಾವ ಕಲ್ಲು, ಗಾಣದಿಂದ ದೀಪಕ್ಕೆ ಎಷ್ಟು ಎಣ್ಣೆ, ಯಾವ ಸುಂಕ ಬಿಟ್ಟರು, ಬರೆದ ಕವಿ ಯಾರು, ಕೊರೆದವನು ಯಾರು, ಇವೆಲ್ಲ ಇಂಥ ಶಾಸನಗಳಲ್ಲಿ ಬರುವ ವಿಷಯಗಳು. ಆ ಕಾಲದ ಹೊಲ, ನೀರು, ಪೇಟೆ, ಕಸುಬು ತಿಳಿಯೋದು ಈ ‘ಬೇಸರದ’ ಸಾಲುಗಳಿಂದಲೇ. ಪೋಸ್ಟು ಇವನ್ನೇ ಮೊದಲು ಬಿಡುತ್ತದೆ, ಲೈಕ್ ಬರೋದಿಲ್ಲ ಅಂತ. ಹಾಗಾಗಿ ದೊಡ್ಡ ಶಾಸನಕ್ಕೆ ಪೂರ್ತಿ ಪಾಠ ಬೇಕೇ ಬೇಕು. ಪೋಸ್ಟು ಅದರ ಬಾಗಿಲಲ್ಲಿ ನಿಂತು ಒಳಗೆ ಏನಿದೆ ಅಂತ ಹೇಳಬೇಕು. ತಾನೇ ಮನೆ ಅನ್ನಬಾರದು.

ಇನ್ನೊಂದು ಮಿತಿ ಇದೆ, ಇದು ಸ್ವಲ್ಪ ನೋವಿನದು. ವಿಳಾಸ ಕೊಡಿ ಅಂತ ಇಷ್ಟು ಹೊತ್ತು ಹೇಳಿದೆ. ನಿಧಿ ಆಸೆಗೆ ಕಲ್ಲು ಕೀಳುವವರೂ ಅದೇ ಪೋಸ್ಟು ಓದುತ್ತಾರೆ. ಶಾಸನದ ಮೇಲಿನ ಸೂರ್ಯ ಚಂದ್ರ, ಹಸು ಕರು, ಲಿಂಗ ಎಲ್ಲ ಅವರ ಕಣ್ಣಿಗೆ ನಿಧಿಯ ಗುರುತು. ಅದಕ್ಕೆ ಒಂದು ಕಟ್ಟಳೆ ಇಟ್ಟುಕೊಳ್ಳಬಹುದು. ಊರ ನಡುವೆ, ಗುಡಿಯಲ್ಲಿ, ಜನರ ಕಣ್ಣೆದುರು ಇರುವ ಕಲ್ಲಾದರೆ ಪೂರ್ತಿ ಜಾಗ ಬರೆಯಿರಿ. ಹಾಳು ಗುಡಿ, ಅಡವಿ, ಒಂಟಿ ಹೊಲದ್ದಾದರೆ ಬಹಿರಂಗವಾಗಿ ಊರಿನ ಹೆಸರು ಮಾತ್ರ ಸಾಕು. ಕರಾರುವಾಕ್ಕು ಜಾಗವನ್ನು ರಾಜ್ಯದ ಪುರಾತತ್ತ್ವ ಇಲಾಖೆಗೋ ಶಾಸನ ಸಂಪುಟ ಮಾಡುವ ವಿಶ್ವವಿದ್ಯಾಲಯಕ್ಕೋ ಬರೆದು ತಿಳಿಸಿ. ವಿಳಾಸ ಇರಬೇಕು, ಆದರೆ ಅಗಸಿ ಬಾಗಿಲಿಗೆ ಅಂಟಿಸಲೇಬೇಕು ಅಂತಿಲ್ಲ.

ಬೆಂಗಳೂರಿನವರು ಮಾಡಿದ್ದು

ಪೋಸ್ಟುಗಳಿಂದ ಗಟ್ಟಿ ಕೆಲಸ ಆಗಬಹುದು ಅನ್ನೋದಕ್ಕೆ ಬೆಂಗಳೂರಿನ ಆಸಕ್ತರ ಗುಂಪು ಒಳ್ಳೆಯ ಉದಾಹರಣೆ. ಇನ್‌ಸ್ಕ್ರಿಪ್ಷನ್ ಸ್ಟೋನ್ಸ್ ಆಫ್ ಬೆಂಗಳೂರು ಅನ್ನೋ ಹೆಸರಿನಲ್ಲಿ ಅವರು ಫೇಸ್‌ಬುಕ್ಕಿನಲ್ಲೇ ಜನರನ್ನು ಕೂಡಿಸಿದರು. ಆದರೆ ಕೈಯಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾದ ಪಟ್ಟಿ ಇತ್ತು. ಪುಸ್ತಕದಲ್ಲಿರುವ ಯಾವ ಕಲ್ಲು ಈಗ ಎಲ್ಲಿದೆ, ಇದೆಯೋ ಇಲ್ಲವೋ ಅಂತ ಹುಡುಕಿದರು. ಹೆಬ್ಬಾಳದಲ್ಲಿ 2018ರಲ್ಲಿ ಸುಮಾರು ಕ್ರಿ.ಶ. 750ರ ಕಿಟ್ಟಯ್ಯನ ವೀರಗಲ್ಲು ಬೆಳಕಿಗೆ ಬಂದಾಗ ಅದನ್ನು ಓದಿಸಿ, ಊರಿನವರ ಜೊತೆ ಸೇರಿ ಉಳಿಸಿಕೊಂಡರು. ಮುಂದೆ ಮಿಥಿಕ್ ಸೊಸೈಟಿಯ ಆಶ್ರಯದಲ್ಲಿ ಬೆಂಗಳೂರು ಶಾಸನಗಳ 3ಡಿ ಸ್ಕ್ಯಾನಿಂಗ್ ಯೋಜನೆಯೇ ನಡೆಯಿತು. ಇಲ್ಲಿ ಪೋಸ್ಟು ಮೊದಲ ಮೆಟ್ಟಿಲು. ಅದರ ಹಿಂದೆ ಪಟ್ಟಿ, ಮುಂದೆ ದಾಖಲೆ. ಹಿಂದೂ ಮುಂದೂ ಇಲ್ಲದ ಪೋಸ್ಟು ಗಾಳಿಯಲ್ಲಿ ತೇಲುತ್ತದೆ.

ನಮ್ಮ ತಾವರಗೇರಾ, ಕುಷ್ಟಗಿ, ಯಲಬುರ್ಗಾ, ಗಂಗಾವತಿ ಕಡೆ ಇದನ್ನು ಮಾಡಲಿಕ್ಕೆ ದೊಡ್ಡ ಸಂಸ್ಥೆ ಬೇಕಾಗಿಲ್ಲ. ಊರಿಗೊಂದು ಕೋಷ್ಟಕ ಸಾಕು, ಗೂಗಲ್ ಶೀಟಿನಲ್ಲಿ. ಕ್ರಮಸಂಖ್ಯೆ, ಊರು, ಜಾಗ, ಸಾಲುಗಳ ಸಂಖ್ಯೆ, ಕಾಲದ ಉಲ್ಲೇಖ, ಪ್ರಕಟವಾದ ಪುಸ್ತಕ, ಫೋಟೊದ ಕೊಂಡಿ, ನೋಡಿದ ದಿನ, ಕಲ್ಲಿನ ಈಗಿನ ಸ್ಥಿತಿ. ವಾರ್ಷಿಕ ವರದಿಯ ಮಾದರಿಯೇ, ಸ್ಥಿತಿ ಅನ್ನೋ ಕಾಲಂ ಒಂದು ಹೆಚ್ಚು. ಪೋಸ್ಟ್ ಹಾಕುವವರು ಹಾಕಲಿ, ಹಾಕಿದ ಮೇಲೆ ಈ ಕೋಷ್ಟಕದಲ್ಲಿ ಒಂದು ಸಾಲು ತುಂಬಲಿ, ಆ ಸಾಲಿನ ಸಂಖ್ಯೆಯನ್ನು ಪೋಸ್ಟಿನ ಕೊನೆಗೆ ಬರೆಯಲಿ. ಪೋಸ್ಟು ಕೆಳಗೆ ಹೋದರೂ ಸಾಲು ಉಳಿಯುತ್ತದೆ.

ಸ್ಥಿತಿಯ ಕಾಲಂ ಯಾಕೆ ಅಂದರೆ, ಕಲ್ಲುಗಳು ಹೋಗುತ್ತಿವೆ. ಜೀರ್ಣೋದ್ಧಾರದ ಹೆಸರಲ್ಲಿ ಗುಡಿ ಗೋಡೆಗೆ ಎಣ್ಣೆಬಣ್ಣ ಬೀಳುತ್ತದೆ, ಕಟ್ಟಿಗೆ ಟೈಲ್ಸ್ ಹಾಕುವಾಗ ಬರಹದ ಕಲ್ಲು ಕೆಳಗೆ ಸೇರುತ್ತದೆ, ರಸ್ತೆ ಅಗಲ ಮಾಡುವಾಗ ಜೆಸಿಬಿಗೆ ಅದು ಬರೇ ಕಲ್ಲು. ಇದನ್ನೆಲ್ಲ ಮಾಡುವವರು ಶಾಸನದ ವೈರಿಗಳಲ್ಲ. ಅದರ ಮೇಲೆ ಏನು ಬರೆದಿದೆ ಅಂತ ಅವರಿಗೆ ಯಾರೂ ಹೇಳಿರೋದಿಲ್ಲ. ಅಂಥ ಕಲ್ಲು ಹೋದ ದಿನ, ಯಾರೋ ಒಬ್ಬ ಹುಡುಗ ಫೋನಿನಲ್ಲಿ ತೆಗೆದ ಫೋಟೊ, ಕೆಳಗೆ ಬರೆದ ನಾಲ್ಕು ಸಾಲು, ಇಷ್ಟೇ ಅದರ ದಾಖಲೆಯಾಗಿ ಉಳಿಯಬಹುದು. ಆ ನಾಲ್ಕು ಸಾಲಿನಲ್ಲಿ ಊರ ಹೆಸರು ಮತ್ತು ಸಂವತ್ಸರ ಇದ್ದರೆ ಶಾಸನ ಉಳಿಯಿತು. ‘ಅಪರೂಪದ್ದು, ಶೇರ್ ಮಾಡಿ’ ಅಂತ ಮಾತ್ರ ಇದ್ದರೆ ಕಲ್ಲಿನ ಜೊತೆ ಅದೂ ಹೋಯಿತು.

ಹಿರಿಯರಿಗೆ ನನ್ನ ವಿನಂತಿ, ಹುಡುಗರು ಚಿಕ್ಕದಾಗಿ ಬರೆದರು ಅಂತ ಗದರಬೇಡಿ. ಯಾವ ಊರಪ್ಪಾ, ಎಷ್ಟು ಸಾಲು, ಸಂವತ್ಸರ ಯಾವುದು ಅಂತ ಕೇಳಿ. ಎರಡು ಸಲ ಕೇಳಿದರೆ ಮೂರನೆಯ ಸಲ ಅವರೇ ಬರೆಯುತ್ತಾರೆ. ಹುಡುಗರಿಗೂ ಅಷ್ಟೇ, ಉದ್ದ ಬರೀರಿ ಅಂತ ಯಾರೂ ಒತ್ತಾಯ ಮಾಡ್ತಿಲ್ಲ. ಈ ವಾರ ನಿಮ್ಮೂರಿನ ಒಂದು ಕಲ್ಲು ತಗೊಳ್ಳಿ, ಊರು, ಜಾಗ, ಸಾಲುಗಳ ಲೆಕ್ಕ, ಕಾಲದ ಉಲ್ಲೇಖ, ಫೋಟೊ, ನೋಡಿದ ದಿನ. ಇದಿಷ್ಟು ಬರೆದು ಹಾಕಿ. ಪಾಠ ಓದೋದಕ್ಕೆ ಸಮಯ ಇದೆ, ಕಲ್ಲು ಇರೋವರೆಗೆ.